ಹಸಿರು ಬಟ್ಟೆಯ ಖಲೀಲುಲ್ಲಾ ಸಾಹೇಬರು

ಹಳೆಯ ರಿವಾಲ್ವರಿನ ಸ್ಪ್ರಿಂಗ್ ತೆಗೆಯುವಾಗ ಖಲೀಲುಲ್ಲಾ ಸಾಹೇಬರು ಅದರ ಮೇಲೊಂದು ಹಸಿರು ಬಟ್ಟೆ ಹೊದಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದರು; ಮಿಕ್ಕ ಕೆಲಸವೆಲ್ಲ ಬಟ್ಟೆಯೊಳಗಿನ ಬೆರಳುಗಳದು. ಶಿರಾ ಗೇಟಿನ ಬಳಿಯ ಆ ಕಿರಿದಾದ ಬಂದೂಕು ರಿಪೇರಿ ಅಂಗಡಿಯಲ್ಲಿ, ಕಡುಬೇಸಿಗೆಯಲ್ಲೂ ಕಳಚದ ಕಂದು ಕೋಟು ತೊಟ್ಟು, ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಂಡು, "ಇದು ಕೋಪಿಷ್ಠ ಸಾಮಾನು ಮೇಷ್ಟ್ರೇ, ಎದುರಿಗೆ ನಿಂತ್ಕೋಬಾರ್ದು" ಎನ್ನುತ್ತಿದ್ದರು. ತೆಗೆದ ಸ್ಪ್ರಿಂಗನ್ನು ಪೊಟ್ಟಣ ಕಟ್ಟಿ ಅದರ ಮೇಲೆ ಯಜಮಾನನ ಹೆಸರು ಬರೆದಿಡುವರು. ಒಬ್ಬರ ಸ್ಪ್ರಿಂಗ್ ಇನ್ನೊಬ್ಬರ ರಿವಾಲ್ವರಿಗೆ ಹೋದದ್ದನ್ನು ಯಾರೂ ಕಂಡಿರಲಿಲ್ಲ.

ನಾನು ಗುಬ್ಬಿಯ ಹೈಸ್ಕೂಲು ಮೇಷ್ಟ್ರು. ಅಪ್ಪ ಬಿಟ್ಟುಹೋದ ಲೈಸೆನ್ಸಿನ ರಿವಾಲ್ವರಿಗೆ ವರ್ಷಕ್ಕೊಮ್ಮೆ ಎಣ್ಣೆ ಹಾಕಿಸಲು ಅವರಲ್ಲಿಗೆ ಹೋಗುತ್ತಿದ್ದೆ. ಎಪ್ಪತ್ತೆಂಟರಲ್ಲಿ, ಕುಣಿಗಲ್ಲಿನ ಬೀಗರು ಬಂದಿದ್ದಾಗ, ಜಂಭಕ್ಕೆ ಬಿದ್ದು ಅದನ್ನು ನಾನೇ ಬಿಚ್ಚಿದೆ. ಸ್ಪ್ರಿಂಗ್ ಛಂಗನೆ ಹಾರಿ ಅಂಗಳದ ತೆಂಗಿನ ಸಿಪ್ಪೆಯ ರಾಶಿ ಸೇರಿತು. ಎಷ್ಟು ತಡಕಿದರೂ ಸಿಗಲಿಲ್ಲ. ಸೈಕಲ್ ಬೆಲ್ಲಿನ ಸ್ಪ್ರಿಂಗೊಂದನ್ನು ಒಳಗೆ ತುರುಕಿ ತೆಪ್ಪಗಾದೆ.

ಲೈಸೆನ್ಸ್ ನವೀಕರಣದ ತಪಾಸಣೆಯಲ್ಲಿ ಅಧಿಕಾರಿ ಅದನ್ನು ಕಂಡು, "ಯಾರ್ರೀ ಇದನ್ನ ಹಾಕಿದ್ದು?" ಎಂದು ಗದರಿದರು. ನನ್ನ ಬಾಯಿಂದ ಬಂದದ್ದು ಸಾಹೇಬರ ಹೆಸರು.

ಅವರನ್ನು ಕರೆಸಿದರು. ಸಾಹೇಬರು ಸ್ಕ್ರೂಗಳ ತಲೆಯ ಮೇಲಿದ್ದ ಗೀರುಗಳನ್ನು ಹೆಬ್ಬೆರಳಿನಿಂದ ಸವರಿದರು. ಪಳಗಿದ ಕೈ ಅಂಥ ಗೀರು ಮಾಡುವುದಿಲ್ಲ. ನನ್ನನ್ನು ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಾನು ಮೇಜಿನ ಮೇಲಿದ್ದ ಲೈಸೆನ್ಸ್ ಪುಸ್ತಕವನ್ನೇ ನೋಡುತ್ತ ನಿಂತೆ. "ಸರಿಯಾದ್ದು ಹಾಕ್ಕೊಡ್ತೀನಿ ಸಾರ್" ಎಂದರು, ಅಷ್ಟೇ. ಅಂಗಡಿಗೆ ಮೂರು ತಿಂಗಳು ಬೀಗ ಬಿತ್ತು. ಅಷ್ಟು ದಿನ ಅವರು ಅಂತರಸನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಕೂಲಿಗೆ ಕಬ್ಬಿಣ ಉಜ್ಜಿದರು.

ಬೀಗ ತೆಗೆದ ಮೇಲೆ ಅವರು ತಾವೇ ಮಾಡಿದ ಹೊಸ ಸ್ಪ್ರಿಂಗ್ ಕೂರಿಸಿಟ್ಟರು. ತಪ್ಪೊಪ್ಪಿಕೊಳ್ಳಬೇಕೆಂದೇ ಹೋಗಿದ್ದೆ, ಅಂಗಡಿಯಲ್ಲಿ ಬೇರೆ ಇಬ್ಬರು ಕೂತಿದ್ದರು, ಕೂಲಿ ಎಷ್ಟಾಯಿತೆಂದಷ್ಟೇ ಕೇಳಿದೆ. ರಿವಾಲ್ವರನ್ನು ಆ ಹಸಿರು ಬಟ್ಟೆಯಲ್ಲೇ ಸುತ್ತಿ ಕೊಟ್ಟು ಮೆಲ್ಲಗೆ ಅಂದರು: "ಬಟ್ಟೆ ನಿಮ್ಮತ್ರಾನೇ ಇರ್ಲಿ ಮೇಷ್ಟ್ರೇ. ಇನ್ನೊಂದ್ಸಲ ಬಿಚ್ಚೋದಾದ್ರೆ ಮುಚ್ಕೊಂಡು ಬಿಚ್ಚಿ. ಕಣ್ಣಿಗೆ ಬಡಿದ್ರೆ ಕಷ್ಟ."

ಎಂಬತ್ತಾರರಲ್ಲಿ ಅವರು ತೀರಿಕೊಂಡರು. ಶಿರಾ ಗೇಟಿನಲ್ಲಿ ಇಂದಿಗೂ ಕೆಲವರು 'ಬೆಲ್ ಸ್ಪ್ರಿಂಗ್ ಸಾಬ್ರು' ಎಂದು ನಗುತ್ತಾರೆ. ಆ ನಗು ಕೇಳಿದಾಗಲೆಲ್ಲ ನಾಚಿಕೆಯಿಂದ ತಲೆ ತಗ್ಗಿಸಿದ್ದೇನೆ, ಬಾಯಿ ತೆರೆದಿಲ್ಲ. ತಮ್ಮ ಹೆಸರಿಗಿಂತ ಎದುರಿಗೆ ನಿಂತವನ ಕಣ್ಣನ್ನು ಹೆಚ್ಚಾಗಿ ಕಾಯುವ ಇಂಥ ಕುಶಲಕರ್ಮಿಗಳು ನಮ್ಮನ್ನು ಬಯಲಿಗೆಳೆಯುವುದಿಲ್ಲ. ಮುಖ ತಿರುಗಿಸಿಕೊಂಡು, ನಾವಾಗಿಯೇ ಮಾತಾಡಲು ಅವಕಾಶ ಕೊಡುತ್ತಾರೆ. ಆ ಅವಕಾಶವನ್ನು ನಾನು ಎಂಟು ವರ್ಷ ಇಟ್ಟುಕೊಂಡು ಕೂತೆ.