ರಟ್ಟಿಲ್ಲದ ಪುಸ್ತಕ

ಗೋಕಾಕದ ತವನಪ್ಪ ಕಾಕಾನ ರದ್ದಿ ಅಂಗಡಿಗೆ ಪುಸ್ತಕ ಬಂದರೆ ಮೊದಲು ಅದರ ರಟ್ಟು ಕೀಳಬೇಕು. ರಟ್ಟಿನ ಗಂಟು ಬೇರೆ, ಹಾಳೆಯ ಗಂಟು ಬೇರೆ. ಆ ಕೆಲಸ ನನ್ನದು. ಹೀಗಾಗಿ ನನ್ನ ಕೈಗೆ ಬಂದ ಪುಸ್ತಕಕ್ಕೆ ಹೆಸರೂ ಉಳಿಯುವುದಿಲ್ಲ, ಬರೆದವರ ಗುರುತೂ ಉಳಿಯುವುದಿಲ್ಲ. ಮೊದಲ ಪುಟದಲ್ಲಿ ಯಾರಾದರೂ ಸತ್ತಿದ್ದರೆ ನನ್ನ ಚೀಲಕ್ಕೆ, ಇಲ್ಲವಾದರೆ ಗಂಟಿಗೆ.

ನಾನು ಓದುವುದು ಪತ್ತೇದಾರಿ ಕತೆ ಮಾತ್ರ. ಒಂಬತ್ತನೇ ಇಯತ್ತೆಯಲ್ಲಿ ಗಣಿತದ ಪುಸ್ತಕದೊಳಗೆ ಅಂಥದೊಂದು ಸಿಕ್ಕಿತೆಂದು ಮಾಸ್ತರರು ಅದನ್ನು ನನ್ನ ತಲೆಯ ಮೇಲಿಟ್ಟು, ಪ್ರಾರ್ಥನೆ ಮುಗಿಯುವ ತನಕ ಎಲ್ಲರೆದುರು ನಿಲ್ಲಿಸಿದರು. ಮುಗಿದ ಮೇಲೆ ನಾನು ಪಾಟಿಚೀಲವನ್ನು ಕಾಲುವೆಗೆ ಎಸೆದು ತುಕ್ಕಾನಟ್ಟಿಯ ನಮ್ಮ ಮನೆಯ ದಾರಿ ಹಿಡಿದೆ. ಆರು ವರ್ಷವಾಯಿತು. ಆ ಮಾಸ್ತರರು ಸಂತೆಯಲ್ಲಿ ಎದುರಾದರೆ ಇವತ್ತಿಗೂ ನನ್ನ ಹಲ್ಲು ಕಟಕಟ ಎನ್ನುತ್ತದೆ.

ನನ್ನನ್ನು ಮತ್ತೆ ವಿದ್ಯಾರ್ಥಿ ಮಾಡಿದವಳು ಅಕ್ಕ ಭಾಗ್ಯಾ. ಮದುವೆಯಾಗಿ ಹುಕ್ಕೇರಿ ತಾಲೂಕಿನ ದಡ್ಡಿಗೆ ಹೋಗುವ ಎಂಟು ದಿನ ಮೊದಲು ನನ್ನನ್ನು ಮೂಡಲಗಿಗೆ ಎಳೆದುಕೊಂಡು ಹೋಗಿ, ಹತ್ತನೇ ಪರೀಕ್ಷೆಗೆ ಹೊರಗಿನಿಂದ ಕೂಡುವ ಫಾರ್ಮು ತುಂಬಿಸಿದಳು. ಅವಳು ಓದುತ್ತಿದ್ದದ್ದು ಸಂಸಾರದ ಕಾದಂಬರಿಗಳು. ಅಳುಬುರುಕ ಪುಸ್ತಕ ಎಂದು ಕಾಡುತ್ತಿದ್ದೆ.

"ನಿನ್ನ ಪುಸ್ತಕದಾಗ ಹೆಣಾ ಬಿದ್ದ ಮ್ಯಾಲೆ ಮನಷ್ಯಾನ ಸುದ್ದಿ ತಗೀತಾರ. ನನ್ನ ಪುಸ್ತಕದಾಗ ಜೀವಂತ ಇದ್ದಾಗನ ತಗೀತಾರ, ಹುಚ್ಚಪ್ಯಾ," ಎನ್ನುತ್ತಿದ್ದಳು.

ಅವಳು ಹೋದ ಮೇಲೆ ಮನೆಯಲ್ಲಿ ಹಾಗೆ ಬೈಯುವವರಿಲ್ಲ. ಅವ್ವ ಸೀತವ್ವನಿಗೆ ನನ್ನ ಸಿಟ್ಟು ಕಂಡರೆ ಭಯ.

ಈ ಮಳೆಗಾಲದಲ್ಲಿ ಒಂದು ಪುಸ್ತಕ ಸಿಕ್ಕಿತು. ಮೊದಲ ಪುಟದಲ್ಲಿ ಒಬ್ಬ ಕೊಡೆ ಹಿಡಿದು ಮನೆಯಿಂದ ಹೊರಬಿದ್ದವನು ತಿರುಗಿ ಬರುವುದಿಲ್ಲ. ಭಾವಿಯಲ್ಲಿ ಹೆಣ ಸಿಗುತ್ತದೆ ಎಂದು ಚೀಲಕ್ಕೆ ಹಾಕಿಕೊಂಡೆ. ಅರವತ್ತು ಪುಟ ಕಳೆದರೂ ಹೆಣವಿಲ್ಲ. ನೂರು ಕಳೆಯಿತು. ಅವನ ಹೆಂಡತಿ, ತವರಿಗೆ ಒಬ್ಬಳೇ ಮಗಳು, ಅತ್ತೆಯ ಮನೆಯ ಹೊಸ್ತಿಲಲ್ಲಿ ನಿಂತು ದಿನಾ ಸಂಜೆ ತವರಿನ ದಾರಿ ನೋಡುತ್ತಾಳೆ. ಅಷ್ಟೇ. ಪುಸ್ತಕವನ್ನು ಎರಡು ಸಲ ಗೋಡೆಗೆ ಎಸೆದೆ. ಎರಡು ಸಲವೂ ಹೋಗಿ ತೆಗೆದುಕೊಂಡೆ.

ನನ್ನ ಪುಸ್ತಕಗಳಲ್ಲಿ ಕೊನೆಗೆ ಒಬ್ಬ ಕಳ್ಳ ಸಿಕ್ಕಿಬೀಳುತ್ತಾನೆ. ಇದರಲ್ಲಿ ಯಾರ ಕೊರಳಪಟ್ಟಿ ಹಿಡಿಯಲಿ? ಅತ್ತೆ ಒಳ್ಳೆಯವಳು, ಊರು ಒಳ್ಳೆಯದು, ಉಣ್ಣಲಿಕ್ಕೆ ಕೊರತೆಯಿಲ್ಲ. ಆದರೂ ಆ ಹೆಂಗಸಿನ ಜೀವ ಅಲ್ಲಿಲ್ಲ. ಕೊನೆಗೆ ಅವಳು ತವರಿಗೆ ಹೋದಳೋ ಇಲ್ಲವೋ? ಆ ಹಾಳೆಗಳೇ ಇರಲಿಲ್ಲ. ರಟ್ಟಿನ ಜೊತೆಗೆ ಕಿತ್ತು ಬಂದು ಗಂಟಿಗೆ ಹೋಗಿದ್ದವು. ಕಿತ್ತವನು ನಾನೇ.

ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆತರುವುದು ಹೇಗೂ ನನ್ನ ಪಾಲಿನ ಕೆಲಸ. ಅವ್ವ ಕಟ್ಟಿಕೊಟ್ಟ ಎಳ್ಳುಂಡಿ, ಜೊತೆಗೆ ಆ ಪುಸ್ತಕ ಹಿಡಿದು ದಡ್ಡಿಗೆ ಹೋದೆ. ಅವಳನ್ನು ನೋಡದೆ ಐದು ತಿಂಗಳಾಗಿತ್ತು. ನಮ್ಮ ಬೇವಿನ ಮರಕ್ಕೆ ಜೋಕಾಲಿ ಹಗ್ಗ ಕಟ್ಟಿಯೇ ಹೊರಟಿದ್ದೆ.

ಅಕ್ಕನ ಅತ್ತೆ ಶಿವಗಂಗವ್ವ ಪಡಸಾಲೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದರು. ಭಾವ ಹೊಲಕ್ಕೆ ಹೋಗಿದ್ದರು.

"ಬಾರಪಾ ಯಲ್ಲಾಲಿಂಗ. ಮುದಕಿ ಜೋಕಾಲಿ ಆಡಾಕ ಹೋಗಿ ಬಿದ್ದಾಳಂತ ತಿಳಿಬ್ಯಾಡ ಮತ್ತ. ಬಚ್ಚಲದಾಗ ಜಾರೇನಿ."

"ಅಕ್ಕನ್ನ ಕರಿಯಾಕ ಬಂದೇನ್ರಿ."

"ಕರಕೊಂಡ ಹೋಗ. ನಾ ಏನ್ ಆಕಿನ್ನ ಗೂಟಕ್ಕ ಕಟ್ಟೇನೇನ?"

ಅಕ್ಕ ಒಲೆಯ ಮುಂದಿನಿಂದಲೇ ಅಂದಳು: "ನಾ ಬರಂಗಿಲ್ಲೋ. ಬರೂ ವರ್ಷ ನೋಡೂಣು. ಇವರ ಮನಿಯಾಗ ಕೈಲಾಗೂ ಹೆಣ್ಣಮಗಳಂತ ನಾ ಒಬ್ಬಾಕಿನ. ರೊಟ್ಟಿ ಯಾರು ಬಡೀತಾರ?"

ಊಟಕ್ಕೆ ಕೂತಾಗ ಪತ್ತೇದಾರನ ಹಾಗೆ ಎಲ್ಲ ನೋಡಿದೆ. ಅಕ್ಕನ ಕೈ, ಮುಖ, ಅತ್ತೆ ಕೂಗುವ ದನಿ. ಒಂದೂ ಸುಳಿವು ಸಿಗಲಿಲ್ಲ. ಅತ್ತೆಯ ತಾಟಿನಲ್ಲಿದ್ದಷ್ಟೇ ತುಪ್ಪ ಅಕ್ಕನ ತಾಟಿನಲ್ಲೂ ಇತ್ತು. ಯಾರ ಮೇಲಾದರೂ ಸಿಟ್ಟು ಮಾಡಬೇಕೆಂದು ಬಂದವನು ಆ ತುಪ್ಪ ಉಂಡು ಕೈ ತೊಳೆದೆ.

ಹೊರಡುವಾಗ ಪುಸ್ತಕ ಕೊಟ್ಟು ಕತೆ ಹೇಳಿದೆ. "ಓದಿಯೇನ ಇದನ್ನ? ಕಡೀಕ ಏನಾಕ್ಕೈತಿ?"

ಅಕ್ಕ ಹಾಳೆ ತಿರುವಿದಳು. "ನೀ ಇಂಥಾದ್ದ ಓದಿದಿ? ಸೂರ್ಯಾ ಎತ್ಲಾಗ ಹುಟ್ಟಿದ್ದ ಇವತ್ತ!" ನಕ್ಕಳು. ಆಮೇಲೆ, "ಓದೇನಿ. ಆಕಿ ಹೋಗತಾಳೋ. ಆಕಿ ತಮ್ಮ ಬಂದ ಕರಕೊಂಡ ಹೋಗತಾನ," ಎಂದು ಪುಸ್ತಕವನ್ನು ನನ್ನ ಚೀಲಕ್ಕೆ ತಿರುಗಿ ತುರುಕಿದಳು.

ಹುಕ್ಕೇರಿ ಸ್ಟ್ಯಾಂಡಿನಲ್ಲಿ ಇಳಿದೆ. ಗೋಕಾಕದ ಬಸ್ಸು ತುಂಬುತ್ತಿತ್ತು. ಕಿಟಕಿಯ ಸೀಟು ಹಿಡಿದು ಪುಸ್ತಕ ತೆಗೆದೆ. ಅಂತ್ಯ ಗೊತ್ತಾದ ಮೇಲೆ ಒಮ್ಮೆ ಮೊದಲಿನಿಂದ ಓದುವುದು ನನ್ನ ಚಾಳಿ. ಎಲ್ಲಿ ಏನು ಮುಚ್ಚಿಟ್ಟಿದ್ದರು ಅಂತ ಆಗ ಕಾಣುತ್ತದೆ. ಹನ್ನೆರಡನೇ ಪುಟಕ್ಕೆ ಬಂದೆ. ತವರಿಗೆ ಒಬ್ಬಳೇ ಮಗಳು, ಒಡಹುಟ್ಟಿದವರಿಲ್ಲ.

ಆಕೆಗೆ ತಮ್ಮನೆಲ್ಲಿಂದ ಬಂದ?

ಅಕ್ಕ ಈ ಪುಸ್ತಕವನ್ನು ಓದಿರಲೇ ಇಲ್ಲ. ಕಂಡಕ್ಟರ್ ಟಿಕೀಟು ಎನ್ನುವಷ್ಟರಲ್ಲಿ ನಾನು ಕೆಳಗೆ ಹಾರಿದ್ದೆ.

ದಡ್ಡಿಯಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ನನ್ನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದಳು.

"ಯಾಕೋ? ಏನ್ ಮರತಿ?"

"ಚೀಲಾ ಕಟ್ಟ. ಬೆಳಿಗ್ಗಿ ಮೊದಲನೇ ಬಸ್ಸಿಗೆ ಹೋಗ ನೀ. ಜೋಕಾಲಿ ಕಟ್ಟೇನಿ. ಹಬ್ಬದ ನಾಕ ದಿನ ಇಲ್ಲೆ ನಾ ಇರತೇನಿ."

ಒಳಗಿನಿಂದ ಶಿವಗಂಗವ್ವ ಕೇಳಿದರು: "ನಿನಗ ರೊಟ್ಟಿ ಬಡಿಯಾಕ ಬರತೈತೇನೋ?"

"ಬರೂದಿಲ್ರಿ. ಸಿಟ್ಟ ಐತಿ, ಬಡೀತೇನಿ."

ಅವರು ಪ್ಲಾಸ್ಟರ್ ಮರೆತು ಅಲುಗಾಡಿ ನಕ್ಕು, ಅಯ್ಯಯ್ಯೋ ಎಂದು ಕಾಲು ಹಿಡಿದುಕೊಂಡರು. "ಹೋಗ ಭಾಗ್ಯಾ, ಹೋಗ. ಜಳಕಕ್ಕ ಬಾಜೂಮನಿ ದಾಕ್ಷಾಯಿಣಿನ್ನ ಕರೀತೇನಿ. ಇಂವಾ ಹೆಂಗ ಬಡೀತಾನ ನೋಡೂಣು."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಟ್ರಂಕಿನ ಚಿಲಕ ತೆಗೆದ ಸದ್ದು ಕೇಳಿಸಿತು.

ಇವತ್ತು ಪಂಚಮಿ. ಅಕ್ಕ ತುಕ್ಕಾನಟ್ಟಿಯಲ್ಲಿ ಬೇವಿನ ಮರದ ಕೆಳಗೆ, ನಾನು ದಡ್ಡಿಯಲ್ಲಿ ಒಲೆಯ ಮುಂದೆ. ಅವಳು ಜೀಕುವುದನ್ನು ನೋಡಬೇಕೆಂದು ಐದು ತಿಂಗಳು ಕಾದಿದ್ದೆ. ಮೂರು ರೊಟ್ಟಿ ಹರಿದವು, ನಾಲ್ಕನೆಯದು ಉಬ್ಬಿತು. ಊಟವಾದ ಮೇಲೆ ಶಿವಗಂಗವ್ವನಿಗೆ ಪುಸ್ತಕ ಓದಿ ಹೇಳುತ್ತಿದ್ದೇನೆ.

"ಯಾರ ಸತ್ರೋ ಇದರಾಗ?" ಎಂದು ಅವರು ಗಳಿಗೆಗೊಮ್ಮೆ ಕೇಳುತ್ತಾರೆ.

"ಯಾರೂ ಸಾಯೂದಿಲ್ರಿ. ಕೇಳ್ರಿ."

ಹಾಳೆ ಹರಿದ ಜಾಗ ಬಂದಾಗ ಏನು ಓದಬೇಕೆಂದು ನನಗೆ ಗೊತ್ತಿದೆ. ಮಧ್ಯೆ ಮಧ್ಯೆ ಹೊಸ್ತಿಲಿಗೆ ಹೋಗಿ ನಿಲ್ಲುತ್ತೇನೆ. ಅಲ್ಲಿಂದ ಹುಕ್ಕೇರಿಯ ದಾರಿ ತಿರುವಿನ ತನಕ ಕಾಣುತ್ತದೆ.