ಎಡಗಡೆ ನಿಂತವಳು

ಲಕ್ವ ಹೊಡೆದವರನ್ನು ನಡೆಸುವಾಗ ಸ್ವಾಧೀನ ತಪ್ಪಿದ ಕಡೆಯೇ ನಿಲ್ಲಬೇಕು. ಫಿಸಿಯೋಥೆರಪಿಯಲ್ಲಿ ಇದು ಅ ಆ ಇ ಈ. ಅದನ್ನೇ ಮರೆತೆ ನಾನು. ಇವತ್ತು ಕ್ಲಿನಿಕ್ಕಿಗೆ ಬಂದ ಲೆಕ್ಕದ ಮೇಷ್ಟ್ರಿಗೆ ಸ್ವಾಧೀನ ಇಲ್ಲದ್ದು ಬಲಗಾಲು, ನಾನು ಹೋಗಿ ನಿಂತದ್ದು ಎಡಗಡೆ. ಮನೆಯಲ್ಲಿ ಲಕ್ವ ಹೊಡೆದ ಅಪ್ಪನ ಎಡಗಡೆ ನಿಂತು ನಿಂತು ನನ್ನ ಮೈಗೆ ಅದೊಂದೇ ಕಡೆ ಗೊತ್ತು. ಮೇಷ್ಟ್ರು ವಾಲಿದರು. ಹೇಗೋ ಸೊಂಟದ ಬೆಲ್ಟು ಹಿಡಿದು ಎಳೆದೆ. ಅವರ ಮಂಡಿ ತರಚಿತು, ಅಷ್ಟಕ್ಕೇ ಮುಗಿಯಿತು.

"ಪರವಾಗಿಲ್ಲ ಬಿಡಮ್ಮ, ನಾನೂ ಬೋರ್ಡ್ ಮೇಲೆ ಎಷ್ಟೋ ತಪ್ಪು ಲೆಕ್ಕ ಬರೆದಿದೀನಿ," ಎಂದರು ಪಾಪ. ನನ್ನ ಭಯ ಮಾತ್ರ ಹೋಗಲಿಲ್ಲ. ಅದು ಇವತ್ತಿನದೂ ಅಲ್ಲ. ಫೋನ್ ರಿಂಗಾದರೆ ಸಾಕು, ಅಪ್ಪ ಬಿದ್ದರು ಅಂತಲೇ ಅನ್ನಿಸುತ್ತದೆ.

ಕ್ಲಿನಿಕ್ ನಡೆಸುವ ನಮ್ಮ ಮೇಡಂ ನನ್ನನ್ನು ಕರೆದು ಬಾಗಿಲು ಹಾಕಿ ಕೂರಿಸಿಕೊಂಡರು. "ಬೆಳಗ್ಗೆ ನಿಮ್ಮಪ್ಪನ್ನ ನೋಡ್ಕೊಳ್ಳೋಕೆ ಇನ್ನೊಬ್ಬರನ್ನ ಗೊತ್ತು ಮಾಡು. ಹೀಗೆ ಸುಸ್ತಾಗಿ ಬಂದ್ರೆ ಸೋಮವಾರದಿಂದ ನಿನಗೆ ಪೇಷೆಂಟ್ ಕೊಡೋಕಾಗಲ್ಲ."

ಇನ್ನೊಬ್ಬ ಇದ್ದಾನಲ್ಲ, ನಮ್ಮಣ್ಣ, ಎರಡು ಬೀದಿ ಆಚೆ. ದಡದಲ್ಲಿ ನಿಂತು ಈಜು ಕಲಿಸುವ ಗಿರಾಕಿ. 'ಅಪ್ಪನ್ನ ಸ್ವಲ್ಪ ಬಿಸಿಲಲ್ಲಿ ಕೂರಿಸು' ಎಂದು ದಿನಾ ಮೆಸೇಜು ಕಳಿಸುತ್ತಾನೆ. ಬಿಸಿಲಿಗೆ ಕರೆದುಕೊಂಡು ಹೋಗುವವರು ಯಾರು, ಅವನ ಮೆಸೇಜೇ?

ಸಂಜೆ ಅವನನ್ನು ಮನೆಗೆ ಕರೆಸಿದೆ. ಸಾಹೇಬರು ಸೋಫಾದಲ್ಲಿ ಕಾಲು ಚಾಚಿದರು.

"ಬೆಳಗ್ಗೆ ಹೊತ್ತು ನೀನು ಬಾ. ಅಪ್ಪನ್ನ ಎಬ್ಬಿಸಿ ಸ್ನಾನ ಮಾಡಿಸು. ಇಲ್ಲಾಂದ್ರೆ ನನ್ನ ಕೆಲಸ ಹೋಗತ್ತೆ," ಎಂದೆ.

"ಹೊರಗಿನವರಿಗೆಲ್ಲ ಮಾಡ್ತೀಯ, ಸ್ವಂತ ಅಪ್ಪನಿಗೆ ಮಾಡೋದು ಕಷ್ಟಾನಾ? ನೀನು ಓದಿರೋದೇ ಅದು. ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಪುಟ್ಟಿ."

ಮೈಯೆಲ್ಲ ಉರಿದುಹೋಯಿತು. "ನಾನು ಓದಿದ್ದು ಹೊಟ್ಟೆಪಾಡಿಗೆ ಕಣೋ. ನಿನ್ನ ಪಾಲಿನ ಅಪ್ಪನ್ನೂ ನನ್ನ ತಲೆಗೇ ಕಟ್ಟಲಿ ಅಂತಲ್ಲ."

ಕೋಣೆಯಿಂದ ಅಪ್ಪ ಕೆಮ್ಮಿದರು. ಬಾತ್‌ರೂಮಿಗೆ ಹೋಗಬೇಕೆಂದರೆ ಹಾಗೆ ಕೆಮ್ಮುತ್ತಾರೆ. ಬಾಯಿಬಿಟ್ಟು ಕೇಳಲು ಸಂಕೋಚ. ಎಂದಿನಂತೆ ಎದ್ದೆ, ಹಲ್ಲು ಕಚ್ಚಿ ಮತ್ತೆ ಕೂತೆ. ಅಣ್ಣ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಇನ್ನೊಂದು ಸಲ ಕೆಮ್ಮು ಕೇಳಿಸಿತು. ಕೊನೆಗೆ ಅವನೇ ಗೊಣಗುತ್ತ ಎದ್ದು ಒಳಗೆ ಹೋದ.

"ಇವನು ಬೇಡಮ್ಮ," ಒಳಗಿನಿಂದ ಅಪ್ಪನ ದನಿ. "ಇವನ ಮುಂದೆ ಬಟ್ಟೆ ಬಿಚ್ಚೋಕೆ ನಾಚಿಕೆ ಆಗತ್ತೆ. ನೀನೇ ಬಾ."

"ನನಗೂ ಆಗತ್ತಪ್ಪ, ದಿನಾ," ಎಂದೆ. ಕೂತಲ್ಲಿಂದ ಏಳಲಿಲ್ಲ.