ಹತ್ತನೆಯ ‘ಬ’ ವಿಭಾಗದ ಜಡೆ ಕಥೆ

ಹತ್ತೊಂಬತ್ತು ಜನ ತಮ್ಮ ನೆನಪುಗಳನ್ನು ಮೊಬೈಲಿನಲ್ಲಿ ಮಾತಾಡಿ ಕಳಿಸಿದ್ದರು. ಅವರಲ್ಲಿ ಹನ್ನೊಂದು ಜನ ಹೇಳಿದ್ದು ಒಂದೇ ಕಥೆ, ಯಂಕಮ್ಮನ ಜಡೆಯ ಕಥೆ.

ಲುಂಬಿನಿ ಚಿತ್ತಾಪುರದ ಸರಕಾರಿ ದವಾಖಾನೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು, ಮಗಳಿಗೆ ಡಬ್ಬಿ ಕಟ್ಟಿ ಶಾಲೆಗೆ ಕಳಿಸಿ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಇವನ್ನೆಲ್ಲ ಕೇಳಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದಳು. ಕೂತರೆ ನಿದ್ದೆ ಬರುತ್ತಿತ್ತು. ವಾಡಿಯ ಹೈಸ್ಕೂಲಿನಿಂದ ಅವರ ತಂಡ ಹೊರಬಿದ್ದು ಇಪ್ಪತ್ತು ವರ್ಷವಾಗಿತ್ತು. ಜನವರಿಯಲ್ಲಿ ಗುರುಗಳನ್ನು ಕರೆದು ಸನ್ಮಾನ ಮಾಡುವುದು, ಅವತ್ತೇ ಎಲ್ಲರ ನೆನಪುಗಳದ್ದೊಂದು ಪುಸ್ತಕ ಹಂಚುವುದು ಎಂದು ಹಳೆಯ ಸಹಪಾಠಿಗಳ ಮೊಬೈಲ್ ಗ್ರೂಪಿನಲ್ಲಿ ಗೊತ್ತಾಗಿತ್ತು. ಹುಡುಗಿಯಾಗಿದ್ದಾಗ ಲುಂಬಿನಿಯ ಅಕ್ಷರ ಚಂದವಿತ್ತು ಎಂಬ ಒಂದೇ ಕಾರಣಕ್ಕೆ ಪುಸ್ತಕದ ಕೆಲಸ ಅವಳ ತಲೆಗೆ ಬಂದಿತ್ತು. ಬೇಡ ಅನ್ನುವುದಕ್ಕೂ ತ್ರಾಣ ಬೇಕಾಗುತ್ತದೆ. ಅವಳು ಹೂಂ ಅಂದುಬಿಟ್ಟಿದ್ದಳು.

ಕಥೆ ಇಷ್ಟೇ. ಯಂಕಮ್ಮ ಕೊನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುವ ಹುಡುಗಿ. ಮಧ್ಯಾಹ್ನದ ಸಮಾಜ ಪಾಠಕ್ಕೆ ದಿನವೂ ನಿದ್ದೆ ಹೋಗುತ್ತಿದ್ದಳು. ಒಂದು ದಿನ ಯಾರೋ ಅವಳ ಜಡೆಯನ್ನು ಕಿಟಕಿಯ ಸರಳಿಗೆ ಕಟ್ಟಿದರು. ಅದೇ ಹೊತ್ತಿಗೆ ಮೇಲಿನ ಸಾಹೇಬರು ಶಾಲೆ ನೋಡಲು ಬಂದರು. ಕ್ಲಾಸೆಲ್ಲ ಎದ್ದು ನಿಂತಿತು. ಗಾಬರಿಯಾಗಿ ಎದ್ದ ಯಂಕಮ್ಮನ ತಲೆ ಹಿಂದಕ್ಕೆ ಜಗ್ಗಿ, ಅವಳು ಚೀರಿ ಬೆಂಚಿನ ಮೇಲೆ ಬಿದ್ದಳು. ಬಂದ ಸಾಹೇಬರೂ ನಕ್ಕರಂತೆ. ಕಟ್ಟಿದವನು ಕಪಿಲ ಎಂದು ಹನ್ನೊಂದೂ ಜನ ಹೇಳಿದ್ದರು. ಕಪಿಲ ಆರು ವರ್ಷದ ಹಿಂದೆ ಸೇಡಂ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಅದಕ್ಕೇ ಎಲ್ಲರ ದನಿಯಲ್ಲೂ ಪ್ರೀತಿಯಿತ್ತು. “ಭಾಳ ಕಿಡಿಗೇಡಿ ಇದ್ದ, ಪಾಪ,” ಎಂದು ಕೊನೆಗೊಮ್ಮೆ ನಿಟ್ಟುಸಿರು ಬಿಟ್ಟಿದ್ದರು.

ಲುಂಬಿನಿ ಹನ್ನೊಂದು ಸಲವೂ ಆ ಹೆಸರನ್ನು ಬರೆಯದೆ ಜಾಗ ಬಿಟ್ಟಿದ್ದಳು. ಜಡೆ ಕಟ್ಟಿದ್ದು ಅವಳೇ.

ಇಬ್ಬರದೂ ಒಂದೇ ಬೆಂಚು. ದಿನಾ ಯಂಕಮ್ಮನ ತಲೆ ಲುಂಬಿನಿಯ ಹೆಗಲ ಮೇಲೆ ಬೀಳುತ್ತಿತ್ತು. ಕೂದಲಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಬಿಳಿ ಪುಡಿ ಇರುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯರು ಹೊರಳಿ ನೋಡಿ ಇಬ್ಬರನ್ನೂ ಸೇರಿಸಿ ನಗುತ್ತಿದ್ದರು. ಆ ನಗೆಯಿಂದ ತಾನೊಬ್ಬಳು ಪಾರಾದರೆ ಸಾಕು ಅನಿಸಿತ್ತು ಅವಳಿಗೆ. ಜಡೆಯ ಘಟನೆಯಾದ ಮರುದಿನದಿಂದ ಯಂಕಮ್ಮ ಶಾಲೆಗೆ ಬರಲಿಲ್ಲ.

ಅಜಯಕುಮಾರ ಫೋನು ಮಾಡಿದ. ಶಹಾಬಾದಿನಲ್ಲಿ ಅವನದು ಕಲ್ಲಿನ ವ್ಯಾಪಾರ, ಈ ಕಾರ್ಯಕ್ರಮದ ಓಡಾಟವೆಲ್ಲ ಅವನದೇ.

“ಯಂಕಮ್ಮ ಸಿಕ್ಕಾಳ ನೋಡು. ಚಿಂಚೋಳಿ ಹಾಸ್ಟೆಲಿನ್ಯಾಗ ಅಡುಗಿ ಕೆಲಸಕ್ಕ ಹೋಗ್ಲಿಕತ್ತಾಳಂತ. ನೀ ಹೋಗಿ ಕರದು ಬಾ. ಸ್ಟೇಜ್ ಮ್ಯಾಲ ಜಡಿ ಕತಿ ಮಾಡಿ ತೋರ್ಸೋಣು. ಅಕಿನೂ ನಗ್ತಾಳ.”

“ನಾನೇ ಯಾಕ?”

“ಅಕಿ ಬಾಜೂಕ ನೀನೇ ಕುಂದ್ರತಿದ್ದೆಲಾ.”

ವಾರದ ರಜೆಯ ದಿನ ಲುಂಬಿನಿ ಹೊರಟಳು. ಸೇಡಂನಲ್ಲಿ ಬಸ್ಸು ಬದಲಿಸಿ, ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತ ಚಿಂಚೋಳಿ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಹಾಸ್ಟೆಲಿನ ಹಿಂದೆ ನಳದ ಬಳಿ ಒಬ್ಬಾಕೆ ದೊಡ್ಡ ಪಾತ್ರೆಯೊಳಗೆ ಅರ್ಧ ಇಳಿದು ತಳ ತಿಕ್ಕುತ್ತಿದ್ದಳು. ಹೊರಳಿ ನೋಡಿದವಳೇ, “ಲುಂಬಿನಿ ಹೌದಿಲ್ಲೋ?” ಅಂದಳು.

ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಲುಂಬಿನಿ ಬಂದ ಕೆಲಸ ಹೇಳಿದಳು.

“ನಮ್ಮ ಹತ್ತನೇ ಕ್ಲಾಸಿನವ್ರೆಲ್ಲಾ ಕೂಡ್ಲಿಕತ್ತೀವಿ. ನೀನೂ ಬರಬೇಕು.”

“ನಾ ಹತ್ತನೇದು ಎಲ್ಲಿ ಮುಗಿಸೀನಿ?” ಯಂಕಮ್ಮ ಸಿಟ್ಟಿನಿಂದೇನೂ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು.

ಲುಂಬಿನಿ ಬಸ್ಸಿನಲ್ಲಿ ಏನೇನೋ ಜೋಡಿಸಿಕೊಂಡು ಬಂದಿದ್ದಳು. ಅದನ್ನೆಲ್ಲ ಬಿಟ್ಟು, “ಅವತ್ತು ನಿನ್ನ ಜಡಿ ಕಟ್ಟಿದಾಕಿ ನಾನು. ಎಲ್ಲಾರೂ ಕಪಿಲ ಅಂತಾರ. ಅಂವ ಅಲ್ಲ,” ಎಂದಳು.

“ನಂಗ ಗೊತ್ತದ.”

“ಹ್ಯಾಂಗ?”

“ನಂಗಿನ್ನಾ ಪೂರಾ ನಿದ್ದಿ ಹತ್ತಿರಲಿಲ್ಲ. ನೀ ಜಡಿ ಕೈಯಾಗ ತಗೊಂಡಿ. ಬಿಚ್ಚಿದ್ದು ನೋಡಿ ಹೆಣಿಲಿಕತ್ತಾಳ ಅನ್ಕೊಂಡೆ. ಮುಂಜಾನಿ ನಾಕಕ್ಕ ಎದ್ದು ಅವ್ವನ ಸಂಗಟ ಖಣಿಗೆ ಹೋಗಿ ಕಲ್ಲು ಹೊತ್ತು ಸಾಲಿಗೆ ಬರ್ತಿದ್ದೆ. ನನ್ನ ತಲಿ ಯಾರೂ ಮುಟ್ಟತಿರಲಿಲ್ಲ. ನೀ ಮುಟ್ಟಿದ್ದು ಛಲೋ ಅನಸ್ತು. ಹಂಗೇ ಕಣ್ಣು ಮುಚ್ಚಿದೆ.”

ಲುಂಬಿನಿ ಚಹಾದ ಲೋಟವನ್ನು ಕೆಳಗಿಟ್ಟಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

“ಬಿಚ್ಚಿದಾಂವ ಕಪಿಲ,” ಯಂಕಮ್ಮ ಮುಂದುವರಿಸಿದಳು. “ಎಲ್ಲಾರೂ ನಗಾಕತ್ತಾಗ ಅಂವೊಬ್ಬ ಬೆಂಚ್ ಜಿಗಿದು ಬಂದ. ಗಂಟು ಭಾಳ ಬಿಗಿ ಇತ್ತು, ಹಲ್ಲಿಲೆ ಬಿಚ್ಚಿದ. ನೀ ಬೆಂಚಿನ ಮ್ಯಾಲ ತಲಿ ಇಟ್ಕೊಂಡು ಕುಂತಿದ್ದಿ. ನಿಂಗ ಕಂಡಿರಲಿಕ್ಕಿಲ್ಲ.”

ಅವತ್ತು ಕ್ಲಾಸು ಹೊರಳಿ ನೋಡಿದಾಗ ಕಂಡದ್ದು ಸರಳಿನ ಮೇಲಿದ್ದ ಕಪಿಲನ ಕೈಗಳು. ಕಟ್ಟಿದವನು ಅವನೇ ಅನ್ನಲು ಅಷ್ಟೇ ಸಾಕಾಗಿತ್ತು ಎಂದು ಲುಂಬಿನಿಗೆ ಈಗ ತಿಳಿಯಿತು.

“ಅದಕ್ಕೇ ಸಾಲಿ ಬಿಟ್ಟಿ ಏನು?”

“ಅದಕ್ಕ ಅಂದ್ರೂ ಸುಳ್ಳಾಗ್ತದ, ಅದಕ್ಕಲ್ಲ ಅಂದ್ರೂ ಸುಳ್ಳಾಗ್ತದ. ಅವತ್ತೇ ಅವ್ವನ ಕಾಲಿನ ಮ್ಯಾಲ ಕಲ್ಲು ಬಿದ್ದಿತ್ತು. ನಾಳಿಗಿ ಹೋದ್ರಾಯ್ತು, ನಾಡದು ಹೋದ್ರಾಯ್ತು ಅನ್ಕೋತ ದಿನ ಹೋದ್ವು. ಹೋಗಬೇಕಂತ ಜೀವ ಎಳೀಲಿಲ್ಲ, ಅದೂ ಖರೇನೇ.”

“ಮಾಫ್ ಮಾಡು ಯಂಕಮ್ಮ.”

ಯಂಕಮ್ಮ ಎರಡೂ ಲೋಟಗಳನ್ನು ಎತ್ತಿ ನಳದ ಕೆಳಗಿಟ್ಟಳು. “ಮಾಫ್ ಮಾಡಿ ನಾ ಏನ್ ಮಾಡ್ಲಿ? ಒಂದು ಕೆಲಸ ಮಾಡಿಕೊಡು. ಇಲ್ಲಿ ಒಂಬತ್ತು ವರ್ಷ ಆಯ್ತು, ಖಾಯಂ ಮಾಡ್ಕೋಬೇಕಂದ್ರ ಹತ್ತನೇದು ಪಾಸಾಗಿರಬೇಕಂತ. ಹೊರಗಿಂದ ಪರೀಕ್ಷಾಕ್ಕ ಕುಂದರಾಕ ಹಳೇ ಸಾಲಿ ಟಿ.ಸಿ. ಬೇಕಂತ. ಎರಡು ಸಲ ಹೋಗಿದ್ದೆ, ಹಳೇ ದಾಖಲಿ ಪುಸ್ತಕ ಸಿಗವಲ್ದು ಅಂದ್ರು. ಮತ್ತ ರಜಾ ಸಿಗಲಿಲ್ಲ.”

ಅವಳು ಟಿ.ಸಿ.ಗಾಗಿ ಒಂದು ಅರ್ಜಿ ಬರೆದು ಸಹಿ ಮಾಡಿಕೊಟ್ಟಳು. ಜನವರಿಗೆ ಬರುವ ಮಾತೆತ್ತಿದರೆ ಒಲ್ಲೆನೆಂದು ತಲೆಯಾಡಿಸಿದಳು. ಆ ನಗೆಯನ್ನು ಇನ್ನೊಮ್ಮೆ ಕೇಳುವ ಇಚ್ಛೆ ಅವಳಿಗಿರಲಿಲ್ಲ.

ಲುಂಬಿನಿ ವಾಡಿಗೆ ಮೂರು ಸಲ ಹೋದಳು, ಮೂರೂ ಸಲ ರಾತ್ರಿ ಪಾಳಿ ಮುಗಿಸಿ ಬೆಳಗಿನ ರೈಲಿಗೆ. ಮೊದಲ ದಿನ ಮುಖ್ಯ ಗುರುಗಳಿರಲಿಲ್ಲ. ಎರಡನೆಯ ದಿನ ಹಳೆಯ ದಾಖಲೆಗಳ ಕೋಣೆಯ ಕೀಲಿ ಸಿಗಲಿಲ್ಲ. ಮೂರನೆಯ ದಿನ ಗುಮಾಸ್ತ ಶೌಕತ ಅಲಿ ಅವಳ ಮುಖ ನೋಡಿ, “ಕುಂದ್ರಿ ಬಾಯಿ, ಇವತ್ತು ಸಿಗೋ ತನಕಾ ನಾನೂ ಏಳಂಗಿಲ್ಲ,” ಎಂದು ಅಂಗಿಯ ತೋಳು ಮಡಚಿ ಕಪಾಟಿನ ಮುಂದೆ ನೆಲಕ್ಕೇ ಕೂತರು. ಒಂದು ತಾಸಿನ ಮೇಲೆ ಗೆದ್ದಲು ತಿಂದ ಒಂದು ಪುಸ್ತಕದಲ್ಲಿ ಯಂಕಮ್ಮನ ಸಾಲು ಸಿಕ್ಕಿತು. ಎದುರಿಗೆ ಕೆಂಪು ಶಾಯಿಯಲ್ಲಿ ‘ಸತತ ಗೈರುಹಾಜರಿ, ಹೆಸರು ತೆಗೆದಿದೆ’ ಎಂದಿತ್ತು. ಅದೇ ಪುಟದಲ್ಲಿ ಕೆಳಗೆ ಲುಂಬಿನಿಯ ಹೆಸರೂ ಇತ್ತು, ಪಾಸಾದ ಗುರುತಿನೊಂದಿಗೆ. ಟಿ.ಸಿ.ಯನ್ನು ಅವತ್ತೇ ರಿಜಿಸ್ಟರ್ಡ್ ಅಂಚೆಯಲ್ಲಿ ಚಿಂಚೋಳಿಗೆ ಹಾಕಿದಳು. ಪರೀಕ್ಷೆಗೆ ಅರ್ಜಿ ಹಾಕಲು ಇನ್ನೂ ಆರು ದಿನ ಉಳಿದಿತ್ತು.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬಿಟ್ಟ ಜಾಗಗಳನ್ನು ತುಂಬಲಿಲ್ಲ. ಹನ್ನೊಂದು ಜನರ ಜಡೆ ಕಥೆಗಳನ್ನೂ ಹೊಡೆದುಹಾಕಿ, ಒಂದೇ ಪುಟದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದು ಕೆಳಗೆ ತನ್ನ ಹೆಸರು ಹಾಕಿದಳು.

ಅಚ್ಚಿಗೆ ಕೊಡಲು ನೋಟ್‌ಬುಕ್ ತೆಗೆದುಕೊಂಡ ಅಜಯಕುಮಾರನಿಗೆ ಅದು ಹಿಡಿಸಲಿಲ್ಲ. “ನಗೋ ದಿನಾ ಇದು ಲುಂಬಿನಿ. ಮಂದಿ ಮನಸು ಯಾಕ ಕೆಡಸ್ತಿ?”

“ನಂಗ ವಾದಾ ಮಾಡಾಕ ಆಗಂಗಿಲ್ಲ ಅಜಯ, ಸಾಕಾಗ್ಯದ. ಇದು ಹಾಕು, ಇಲ್ಲಾ ನೋಟ್‌ಬುಕ್ ವಾಪಸ್ ಕೊಡು,” ಎಂದಳು ಅವಳು.

ಅವನು ಹಾಕಿದ. ಆಟ ಮಾಡಿ ತೋರಿಸುವ ಮಾತು ತಾನೇ ಬಿದ್ದುಹೋಯಿತು.

ಕಾರ್ಯಕ್ರಮ ಶಹಾಬಾದಿನ ಒಂದು ಮದುವೆ ಹಾಲಿನಲ್ಲಿ ನಡೆಯಿತು. ಶಾಲು ಹೊದಿಸಿದರು, ಹಾರ ಹಾಕಿದರು, ಮುಪ್ಪಾದ ಮಾಸ್ತರರು ತಪ್ಪು ತಪ್ಪು ಹೆಸರು ಹಿಡಿದು ಎಲ್ಲರನ್ನೂ ಹರಸಿದರು. ಪುಸ್ತಕ ಓದಿದ್ದ ಕೆಲವರು ಲುಂಬಿನಿಯನ್ನು ಕಂಡು ಬೇರೆ ಕಡೆ ಹೊರಳಿದರು. ಭಾಗ್ಯ ಎಂಬಾಕೆ ಮಾತ್ರ ಬಳಿ ಬಂದು ಕೂತು, “ಮುಂದಿನ ಬೆಂಚಿನ್ಯಾಗ ನಗತಿದ್ದಾಕಿ ನಾನೂ ಒಬ್ಬಾಕಿ,” ಎಂದು ಹೇಳಿ, ಊಟಕ್ಕೆ ಎದ್ದು ಹೋದಳು.

ಊಟವಾದ ಮೇಲೆ ಕಪಿಲನ ತಾಯಿ ತುಳಜಾಬಾಯಿ ಲುಂಬಿನಿಯನ್ನು ಹುಡುಕಿಕೊಂಡು ಬಂದಳು. ಮಗನ ಬದಲಿಗೆ ಅವಳನ್ನು ಕರೆಸಿ ಸೀರೆ ಕೊಟ್ಟಿದ್ದರು. ಪುಸ್ತಕ ಅವಳ ಕಂಕುಳಲ್ಲಿತ್ತು.

“ನಂಗ ಓದಾಕ ಬರಂಗಿಲ್ಲ ಯವ್ವಾ. ನನ್ನ ಮಗಂದು ಎಲ್ಲಿ ಅದ, ತೋರ್ಸು.”

ಪುಸ್ತಕದ ತುಂಬ ಕಪಿಲನದೆಂದು ಇದ್ದದ್ದು ಅದೊಂದೇ ಪುಟ. ಲುಂಬಿನಿ ಅದನ್ನು ತೆರೆದು ಮೆಲ್ಲಗೆ ಓದಿ ಹೇಳಿದಳು. ತಾನು ಕಟ್ಟಿದ್ದು, ಎಲ್ಲರೂ ನಕ್ಕದ್ದು, ಅವನೊಬ್ಬ ಬೆಂಚು ಜಿಗಿದು ಬಂದು ಹಲ್ಲಿನಿಂದ ಗಂಟು ಬಿಚ್ಚಿದ್ದು. ಇಪ್ಪತ್ತು ವರ್ಷ ಎಲ್ಲರೂ ಅವನ ಹೆಸರು ಹೇಳಿದಾಗ ತಾನು ಸುಮ್ಮನಿದ್ದದ್ದನ್ನೂ ಬಿಡದೆ ಓದಿದಳು.

ತುಳಜಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಅವತ್ತು ಮನಿಗಿ ಬಂದು ಹಲ್ಲು ನೋಯ್ತದ ಅಂದಿದ್ದ. ಯಾಕೋ ಅಂದ್ರ ಹೇಳಿದ್ದಿಲ್ಲ,” ಎಂದಳು. ಆಮೇಲೆ, “ಇನ್ನೊಮ್ಮಿ ಓದು,” ಎಂದಳು.

ಲುಂಬಿನಿ ಇನ್ನೊಮ್ಮೆ ಓದಿದಳು. ಹಾಲಿನವರು ಕುರ್ಚಿ ಎತ್ತಿ ಒಂದರ ಮೇಲೊಂದು ಪೇರಿಸತೊಡಗಿದ್ದರು.

ಮೇ ತಿಂಗಳಲ್ಲಿ ಪರೀಕ್ಷೆಯ ಫಲಿತಾಂಶ ಬಂತು. ಲುಂಬಿನಿ ವಾರ್ಡಿನಲ್ಲಿ ಸಲೈನು ಬದಲಿಸುತ್ತಿದ್ದಾಗ ಯಂಕಮ್ಮನ ಫೋನು.

“ಐದು ಪಾಸಾಗ್ಯಾವ. ಗಣಿತ ಹೋಗ್ಯದ. ಮತ್ತ ಕಟ್ಟೀನಿ.”

“ನಾ ಬಂದು ಹೇಳಿಕೊಡ್ಲೇನು?”

“ನಿಂಗೆಲ್ಲಿ ಬರ್ತಿತ್ತು ಗಣಿತ? ನನ್ನ ಮಗಳು ಹೇಳಿಕೊಡ್ತಾಳ ಬಿಡು,” ಎಂದಳು ಯಂಕಮ್ಮ. ಫೋನು ಇಡುವ ಮುಂಚೆ, “ಸುಮ್ನ ಬರೋದಿದ್ರ ಬಾ. ಐತವಾರ ಮಧ್ಯಾಹ್ನ ನಂಗ ಕೆಲಸ ಇರಂಗಿಲ್ಲ,” ಎಂದಳು.

ಲುಂಬಿನಿ ಗೋಡೆಗೆ ಅಂಟಿಸಿದ್ದ ಪಾಳಿಯ ಪಟ್ಟಿಯತ್ತ ನಡೆದು, ಐತವಾರದ ಸಾಲಿನಲ್ಲಿ ತನ್ನ ಹೆಸರು ಹುಡುಕತೊಡಗಿದಳು.